ಮೋಟಾರಿನ ವೇಗ ನಿಯಂತ್ರಣಕ್ಕೆ ಹಕ್ಕಿ-ಇರುವೆಗಳ ಗಣಿತ: ಸಣ್ಣ ಉದ್ದಿಮೆಯ ಲೆಕ್ಕದಲ್ಲಿ ಅದರ ಬೆಲೆ

ಬಳ್ಳಾರಿ ಜಿಲ್ಲೆಯ ಸಣ್ಣ ಉದ್ದಿಮೆಗಳ ಲಾಭ-ನಷ್ಟ ಪಟ್ಟಿಯಲ್ಲಿ ಕಚ್ಚಾ ಸಾಮಗ್ರಿ ಮತ್ತು ಕೂಲಿಯ ಬಾಬುಗಳನ್ನು ಬಿಟ್ಟರೆ ಮಾಲೀಕನ ಗಮನ ಸೆಳೆಯುವುದು ವಿದ್ಯುತ್ ವೆಚ್ಚ. ಸಿರುಗುಪ್ಪ ಹಾಗೂ ಕುರುಗೋಡು ಭಾಗದ ಅಕ್ಕಿ ಗಿರಣಿಯಾಗಲಿ, ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕವಾಗಲಿ, ಹತ್ತಿ ಜಿನ್ನಿಂಗ್ ಕಾರ್ಖಾನೆಯಾಗಲಿ, ಜೆಸ್ಕಾಂ ಬಿಲ್ಲಿನಲ್ಲಿ ಕಾಣುವ ಯೂನಿಟ್ಟುಗಳ ಬಹುಪಾಲು ಮೋಟಾರುಗಳ ಮೂಲಕವೇ ಖರ್ಚಾಗುತ್ತದೆ. ಈ ಕಾರಣದಿಂದ ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವ್‌ಗಳು ಸಣ್ಣ ಘಟಕಗಳಿಗೂ ಬಂದಿವೆ. ಅವುಗಳ ಹಿಂದೆಯೇ ಒಂದು ಹೊಸ ಮಾತೂ ಬಂದಿದೆ. ಹಕ್ಕಿಗಳ ಹಿಂಡು, ಇರುವೆಗಳ ಸಾಲು, ಜೇನುನೊಣ, ತೋಳ ಮುಂತಾದವುಗಳ ನಡವಳಿಕೆಯನ್ನು ಅನುಸರಿಸಿ ರೂಪಿಸಿದ ಗಣಕ ವಿಧಾನಗಳಿಂದ ನಿಯಂತ್ರಕವನ್ನು ಹದಗೊಳಿಸಿದರೆ ಮೋಟಾರು ಇನ್ನೂ ಚೆನ್ನಾಗಿ ನಡೆಯುತ್ತದೆ ಎಂಬುದೇ ಆ ಮಾತು.

ಮಾತು ಸುಳ್ಳಲ್ಲ. ಆದರೆ ಕಚೇರಿ ಸತ್ಯನಾರಾಯಣಪೇಟೆಯಲ್ಲಿ, ಗಿರಣಿ ಸಿರುಗುಪ್ಪದಲ್ಲಿ ಇರುವ ಮಾಲೀಕನೊಬ್ಬನ ಮೇಜಿನ ಮೇಲೆ ಬರುವುದು ಯಂತ್ರವಲ್ಲ, ಕೊಟೇಶನ್. ಅದರಲ್ಲಿ ‘ಕೃತಕ ಬುದ್ಧಿಮತ್ತೆಯಿಂದ ಟ್ಯೂನ್ ಮಾಡಿದ ನಿಯಂತ್ರಕ’ ಎಂಬ ಸಾಲು ಇದ್ದು, ಅದರ ಎದುರಿಗೆ ಒಂದು ಮೊತ್ತ ಇದ್ದರೆ, ಆ ಮೊತ್ತ ಕೊಡತಕ್ಕದ್ದೇ ಅಲ್ಲವೇ ಎಂಬುದನ್ನು ಆತ ನಿರ್ಧರಿಸಬೇಕಾಗುತ್ತದೆ. ಈ ನಿರ್ಧಾರಕ್ಕೆ ಬೇಕಾದಷ್ಟು ತಾಂತ್ರಿಕ ತಿಳಿವಳಿಕೆಯನ್ನೂ, ಅದನ್ನು ರೂಪಾಯಿಗಳಲ್ಲಿ ಅಳೆಯುವ ಕ್ರಮವನ್ನೂ ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ವೇಗ ನಿಯಂತ್ರಕದ ಕೆಲಸ

ಸಾಮಾನ್ಯ ಇಂಡಕ್ಷನ್ ಮೋಟಾರಿನ ವೇಗವು ಅದಕ್ಕೆ ಬರುವ ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿದೆ. ನಮ್ಮ ದೇಶದ ಜಾಲದಲ್ಲಿ ಆವರ್ತನ 50 ಹರ್ಟ್ಸ್. ನಾಲ್ಕು ಧ್ರುವಗಳ ಮೋಟಾರಿನ ಸಮಕಾಲಿಕ ವೇಗ ಆಗ ನಿಮಿಷಕ್ಕೆ 1,500 ಸುತ್ತು. ನಿಜವಾದ ವೇಗ ಇದಕ್ಕಿಂತ ಸ್ವಲ್ಪ ಕಡಿಮೆ. ಡ್ರೈವ್ ಎಂಬ ಉಪಕರಣವು ಆವರ್ತನವನ್ನು 40 ಹರ್ಟ್ಸ್‌ಗೆ ಇಳಿಸಿದರೆ ಸಮಕಾಲಿಕ ವೇಗ 1,200 ಸುತ್ತಿಗೆ ಇಳಿಯುತ್ತದೆ. ಇದಿಷ್ಟೇ ಆದರೆ ನಿಯಂತ್ರಣದ ಅಗತ್ಯವಿರಲಿಲ್ಲ. ಯಂತ್ರದ ಮೇಲಿನ ಹೊರೆ ಏರಿಳಿಯುತ್ತದೆ, ವೋಲ್ಟೇಜ್ ಬದಲಾಗುತ್ತದೆ, ಬೆಲ್ಟ್ ಸಡಿಲಗೊಳ್ಳುತ್ತದೆ. ಬೇಕಾದ ವೇಗಕ್ಕೂ ಇರುವ ವೇಗಕ್ಕೂ ನಡುವಿನ ವ್ಯತ್ಯಾಸವನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸುವ ಒಂದು ಲೆಕ್ಕಿಗ ಬೇಕಾಗುತ್ತದೆ. ಆ ಲೆಕ್ಕಿಗನೇ ನಿಯಂತ್ರಕ. ಉದ್ಯಮದಲ್ಲಿ ಅತ್ಯಂತ ಬಳಕೆಯಲ್ಲಿರುವುದು ಪಿ.ಐ.ಡಿ. ನಿಯಂತ್ರಕ.

ಪಿ.ಐ.ಡಿ. ಎಂಬ ಮೂರು ಅಕ್ಷರಗಳನ್ನು ವರ್ತಕರ ಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಸಾಲ ವಸೂಲಿಗೆ ಹೊರಟ ಗುಮಾಸ್ತ ಮೂರು ಸಂಗತಿಗಳನ್ನು ನೋಡುತ್ತಾನೆ: ಇಂದು ಬರಬೇಕಾದುದರಲ್ಲಿ ಎಷ್ಟು ಕಡಿಮೆಯಾಗಿದೆ, ಈವರೆಗೆ ಬಾಕಿ ಎಷ್ಟು ಬೆಳೆದಿದೆ, ಪಾವತಿಯ ಒಲವು ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ. ‘ಪಿ’ ಎಂಬುದು ಇಂದಿನ ವ್ಯತ್ಯಾಸಕ್ಕೆ, ‘ಐ’ ಎಂಬುದು ಕೂಡಿಬಂದ ಬಾಕಿಗೆ, ‘ಡಿ’ ಎಂಬುದು ಮುಂದಿನ ಒಲವಿಗೆ ಸ್ಪಂದಿಸುವ ಭಾಗ. ಪ್ರತಿಯೊಂದಕ್ಕೂ ಎಷ್ಟು ತೂಕ ಕೊಡಬೇಕೆಂಬುದನ್ನು ಹೇಳುವ ಮೂರು ಸಂಖ್ಯೆಗಳೇ ಗುಣಕಗಳು. ‘ಪಿ’ ಅತಿಯಾದರೆ ಮೋಟಾರು ಗುರಿಯನ್ನು ದಾಟಿ ಹಿಂದೆ ಮುಂದೆ ತೂಗಾಡುತ್ತದೆ. ‘ಐ’ ಇಲ್ಲದಿದ್ದರೆ ಸಣ್ಣ ಕೊರತೆಯೊಂದು ಕೊನೆಯವರೆಗೂ ಉಳಿಯುತ್ತದೆ. ‘ಡಿ’ ಹೆಚ್ಚಾದರೆ ಅಳತೆಯಲ್ಲಿನ ಸಣ್ಣ ಗದ್ದಲಕ್ಕೂ ಯಂತ್ರ ಬೆಚ್ಚಿಬೀಳುತ್ತದೆ. ಮೋಟಾರು ಡ್ರೈವ್‌ಗಳಲ್ಲಿ ಅನೇಕ ಸಲ ‘ಡಿ’ಯನ್ನು ಶೂನ್ಯದಲ್ಲಿಟ್ಟು ಉಳಿದೆರಡನ್ನೇ ಬಳಸುವುದು ಇದೇ ಕಾರಣಕ್ಕೆ.

ಈ ಮೂರು ಗುಣಕಗಳನ್ನು ಸರಿಯಾಗಿ ಹೊಂದಿಸುವ ಕ್ರಿಯೆಯೇ ಟ್ಯೂನಿಂಗ್. ಇದರ ಇತಿಹಾಸ ಹಳೆಯದು. ಹಡಗಿನ ಚುಕ್ಕಾಣಿ ಹಿಡಿದವರ ನಡೆಯನ್ನು ಗಮನಿಸಿದ ನಿಕೋಲಸ್ ಮಿನಾರ್ಸ್ಕಿ 1922ರಲ್ಲಿ ಮೂರು ಭಾಗಗಳ ಈ ನಿಯಂತ್ರಣದ ಗಣಿತವನ್ನು ಪ್ರಕಟಿಸಿದರು. 1942ರಲ್ಲಿ ಅಮೆರಿಕದ ಜೀಗ್ಲರ್ ಮತ್ತು ನಿಕೋಲ್ಸ್ ಎಂಬ ಇಂಜಿನಿಯರುಗಳು ಗುಣಕಗಳನ್ನು ಕಂಡುಹಿಡಿಯಲು ಸರಳ ಸೂತ್ರವನ್ನು ಕೊಟ್ಟರು. ಯಂತ್ರವು ನಿರಂತರವಾಗಿ ತೂಗಾಡುವವರೆಗೆ ‘ಪಿ’ಯನ್ನು ಏರಿಸಿ, ಆ ಮಿತಿಯ 0.6 ಭಾಗವನ್ನು ‘ಪಿ’ಗೆ ಇರಿಸಿ, ತೂಗಾಟದ ಅವಧಿಯಿಂದ ಉಳಿದೆರಡನ್ನು ಲೆಕ್ಕಹಾಕುವ ಈ ಕ್ರಮ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅನುಭವಿ ತಂತ್ರಜ್ಞರು ಇದರಿಂದ ಆರಂಭಿಸಿ, ಕಿವಿ ಮತ್ತು ಮೀಟರಿನ ಸಹಾಯದಿಂದ ಹದಕ್ಕೆ ತರುತ್ತಾರೆ. ಈಗಿನ ಅನೇಕ ಡ್ರೈವ್‌ಗಳಲ್ಲಿ ಮೋಟಾರಿನ ಗುಣಲಕ್ಷಣಗಳನ್ನು ತಾನಾಗಿ ಅಳೆದುಕೊಳ್ಳುವ ಸ್ವಯಂ-ಟ್ಯೂನಿಂಗ್ ಸೌಲಭ್ಯವೂ ಖರೀದಿ ಬೆಲೆಯಲ್ಲಿಯೇ ಸೇರಿರುತ್ತದೆ.

ಹಿಂಡಿನ ಹುಡುಕಾಟ

ಮೂರು ಗುಣಕಗಳಿಗೆ ತಲಾ ನೂರು ಸಂಭವನೀಯ ಬೆಲೆಗಳಿದ್ದರೆ ಒಟ್ಟು ಜೋಡಣೆಗಳು 10 ಲಕ್ಷ. ಎಲ್ಲವನ್ನೂ ಪರೀಕ್ಷಿಸುವುದು ವ್ಯರ್ಥ. ಕಡಿಮೆ ಪರೀಕ್ಷೆಗಳಲ್ಲಿ ಉತ್ತಮ ಜೋಡಣೆಯನ್ನು ಹುಡುಕಲು ನಿಸರ್ಗದಿಂದ ಪಾಠ ಕಲಿಯಬಹುದೆಂಬ ಆಲೋಚನೆ ಕಳೆದ ಶತಮಾನದಲ್ಲಿ ಮೂಡಿತು. ಜಾನ್ ಹಾಲೆಂಡ್ 1975ರ ತಮ್ಮ ಗ್ರಂಥದಲ್ಲಿ ವಂಶವಾಹಿ ಅಲ್ಗಾರಿದಮ್‌ಗೆ ಅಡಿಪಾಯ ಹಾಕಿದರು. ಮಾರ್ಕೊ ಡೊರಿಗೊ 1992ರಲ್ಲಿ ಇರುವೆಗಳ ವಿಧಾನವನ್ನು ಮಂಡಿಸಿದರು. 1995ರಲ್ಲಿ ಜೇಮ್ಸ್ ಕೆನಡಿ ಮತ್ತು ರಸೆಲ್ ಎಬರ್‌ಹಾರ್ಟ್ ಹಕ್ಕಿಗಳ ಹಿಂಡನ್ನು ಅನುಸರಿಸುವ ಕಣಸಮೂಹ ವಿಧಾನವನ್ನು ಪ್ರಕಟಿಸಿದರು. ಮೋಟಾರು ನಿಯಂತ್ರಕಗಳ ಟ್ಯೂನಿಂಗ್‌ನಲ್ಲಿ ಬಹಳವಾಗಿ ಬಳಕೆಯಾಗಿರುವ ವಿಧಾನಗಳಲ್ಲಿ ಇದೂ ಒಂದು.

ಇದರ ತತ್ತ್ವ ಕೃಷಿ ಮಾರುಕಟ್ಟೆಯ ಪ್ರಾಂಗಣವನ್ನು ಬಲ್ಲವರಿಗೆ ಹೊಸದಲ್ಲ. ಮಾಲು ಮಾರಲು ಬಂದವನು ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳುತ್ತಾನೆ: ತನಗೆ ಈವರೆಗೆ ಸಿಕ್ಕಿದ ಅತ್ಯುತ್ತಮ ಧಾರಣೆ ಎಲ್ಲಿಯದು, ಇಡೀ ಪ್ರಾಂಗಣದಲ್ಲಿ ಯಾರಿಗಾದರೂ ಸಿಕ್ಕಿದ ಅತ್ಯುತ್ತಮ ಧಾರಣೆ ಎಲ್ಲಿಯದು. ಇವೆರಡರ ಕಡೆಗೂ ಆತನ ಹೆಜ್ಜೆ ವಾಲುತ್ತದೆ. ಹೊರಟಿದ್ದ ದಿಕ್ಕಿನ ರಭಸವೂ ಸ್ವಲ್ಪ ಉಳಿದಿರುತ್ತದೆ. ಹಿಂಡಿನ ಪ್ರತಿಯೊಂದು ಹಕ್ಕಿಯೂ ಹೀಗೆಯೇ ನಡೆಯುತ್ತದೆ. ಇಲ್ಲಿ ಹಕ್ಕಿ ಎಂದರೆ ಗುಣಕಗಳ ಒಂದು ಜೋಡಣೆ. ಹಾರಾಟ ಎಂದರೆ ಆ ಸಂಖ್ಯೆಗಳ ಬದಲಾವಣೆ.

ಕೈಲೆಕ್ಕದ ಒಂದು ಉದಾಹರಣೆ

ಈ ವಿಧಾನವನ್ನು ಕಾಗದದ ಮೇಲೆಯೇ ನೋಡಬಹುದು. ಗುಣಕ ಒಂದೇ ಇದೆ ಎಂದೂ, ಅದರ ಸರಿಯಾದ ಬೆಲೆ 6 ಎಂದೂ ಇಟ್ಟುಕೊಳ್ಳಬೇಕು. ಗುಣಕದಿಂದ 6ನ್ನು ಕಳೆದು, ವರ್ಗ ಮಾಡಿ, 4ನ್ನು ಕೂಡಿಸಿದರೆ ಬರುವುದು ನಷ್ಟದ ಅಂಕ. ಅಂದರೆ ನಷ್ಟ 4ಕ್ಕಿಂತ ಕೆಳಗಿಳಿಯಲಾರದು. ಹಕ್ಕಿಗಳಿಗೆ ಈ ಸೂತ್ರ ತಿಳಿಯದು. ನಿಂತ ಜಾಗದ ನಷ್ಟ ಮಾತ್ರ ಕಾಣುತ್ತದೆ. ಪ್ರತಿ ಹಕ್ಕಿಯ ಹೊಸ ಹೆಜ್ಜೆಯು ಹಿಂದಿನ ಹೆಜ್ಜೆಯ ಅರ್ಧ, ತನ್ನ ಅತ್ಯುತ್ತಮ ಜಾಗಕ್ಕಿರುವ ದೂರದ 0.9 ಭಾಗ ಹಾಗೂ ಹಿಂಡಿನ ಅತ್ಯುತ್ತಮ ಜಾಗಕ್ಕಿರುವ ದೂರದ 0.9 ಭಾಗ, ಈ ಮೂರರ ಮೊತ್ತ. ನಿಜವಾದ ಅಲ್ಗಾರಿದಮ್‌ನಲ್ಲಿ 0.9ರ ಜಾಗದಲ್ಲಿ ಪ್ರತಿ ಸಲವೂ ಯಾದೃಚ್ಛಿಕ ಸಂಖ್ಯೆ ಬರುತ್ತದೆ. ಇಲ್ಲಿ ಸರಳತೆಗಾಗಿ ಸ್ಥಿರವಾಗಿಡಲಾಗಿದೆ.

ಆರಂಭ: ಮೊದಲ ಹಕ್ಕಿ 2ರಲ್ಲಿ (ನಷ್ಟ 20), ಎರಡನೆಯದು 5ರಲ್ಲಿ (ನಷ್ಟ 5), ಮೂರನೆಯದು 9ರಲ್ಲಿ (ನಷ್ಟ 13). ಹಿಂಡಿನ ಅತ್ಯುತ್ತಮ ಜಾಗ 5.

ಮೊದಲ ಸುತ್ತು: ಮೊದಲನೆಯದು 4.7ಕ್ಕೆ ಬರುತ್ತದೆ (ನಷ್ಟ 5.69). ಎರಡನೆಯದು 5ರಲ್ಲೇ ನಿಲ್ಲುತ್ತದೆ. ಮೂರನೆಯದು 5.4ಕ್ಕೆ ಬರುತ್ತದೆ (ನಷ್ಟ 4.36). ಹಿಂಡಿನ ಹೊಸ ಅತ್ಯುತ್ತಮ ಜಾಗ 5.4.

ಎರಡನೆಯ ಸುತ್ತು: ಮೊದಲನೆಯದು 6.68ಕ್ಕೆ (ನಷ್ಟ 4.46), ಎರಡನೆಯದು 5.36ಕ್ಕೆ (ನಷ್ಟ 4.41) ಬರುತ್ತವೆ. ಮೂರನೆಯದು ರಭಸದಿಂದ ಮುಂದೆ ಜಾರಿ 3.6ಕ್ಕೆ ಹೋಗುತ್ತದೆ, ಅದರ ನಷ್ಟ 9.76ಕ್ಕೆ ಏರುತ್ತದೆ. ಹಿಂಡಿನ ಅತ್ಯುತ್ತಮ ಜಾಗ 5.4 ಆಗಿಯೇ ಉಳಿಯುತ್ತದೆ.

ಮೂರನೆಯ ಸುತ್ತು: ಮೊದಲನೆಯದು ಸುಮಾರು 6.52ಕ್ಕೆ (ನಷ್ಟ 4.27), ಎರಡನೆಯದು ಸುಮಾರು 5.58ಕ್ಕೆ (ನಷ್ಟ 4.18) ಬರುತ್ತವೆ. ದಾರಿ ತಪ್ಪಿದ್ದ ಮೂರನೆಯದನ್ನು ಅದರ ಹಳೆಯ ನೆನಪೂ ಹಿಂಡಿನ ಸುದ್ದಿಯೂ ಒಟ್ಟಿಗೆ ಎಳೆದು 5.94ಕ್ಕೆ ತರುತ್ತವೆ. ಅಲ್ಲಿ ನಷ್ಟ 4.00, ಉತ್ತರ ಬಹುತೇಕ ದೊರೆತಂತೆಯೇ.

ಆರಂಭದ ಮೂರು, ಸುತ್ತಿಗೆ ಮೂರರಂತೆ ಒಂಬತ್ತು, ಒಟ್ಟು 12 ಪರೀಕ್ಷೆಗಳಲ್ಲಿ ಹುಡುಕಾಟ ಗುರಿಯ ಸಮೀಪ ಬಂದಿದೆ. ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಜಾಗ ಬಿಟ್ಟು ದೂರ ಹೋದ ಹಕ್ಕಿಯಿಂದಲೂ ಪ್ರಯೋಜನವಿದೆ; ಎಲ್ಲವೂ ಬೇಗ ಒಂದೇ ಕಡೆ ಗುಂಪುಗೂಡಿದ್ದರೆ ಆಚೆಗಿನ ಉತ್ತಮ ಜಾಗ ಕಾಣದೇ ಹೋಗಬಹುದಿತ್ತು. ಎರಡನೆಯದು ಇನ್ನೂ ಮುಖ್ಯವಾದುದು: ಹಿಂಡಿಗೆ ಮೋಟಾರಿನ ವಿಷಯ ಏನೂ ತಿಳಿಯದು. ಯಾವುದನ್ನು ‘ನಷ್ಟ’ ಎಂದು ಹೇಳಿಕೊಟ್ಟರೋ ಅದನ್ನು ಮಾತ್ರ ಅದು ಕಡಿಮೆ ಮಾಡುತ್ತದೆ.

ಯಾವುದು ನಷ್ಟ ಎಂದು ಹೇಳುವವರು ಯಾರು?

ಟ್ಯೂನಿಂಗ್‌ನಲ್ಲಿ ಬಳಸುವ ನಷ್ಟದ ಅಳತೆಗಳಿಗೆ ಇಂಜಿನಿಯರುಗಳು ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ವೇಗದ ವ್ಯತ್ಯಾಸವನ್ನು ಏರಿಳಿತದ ಚಿಹ್ನೆ ನೋಡದೆ ಕೂಡಿಸಿದರೆ ಅದು ಐ.ಎ.ಇ.; ಬಾಕಿ ಮೊತ್ತವನ್ನು ದಿನದಿನಕ್ಕೆ ಕೂಡಿಸಿದಂತೆ. ವ್ಯತ್ಯಾಸವನ್ನು ವರ್ಗ ಮಾಡಿ ಕೂಡಿಸಿದರೆ ಅದು ಐ.ಎಸ್.ಇ.; ಇದರಲ್ಲಿ ದೊಡ್ಡ ತಪ್ಪಿಗೆ ಭಾರಿ ದಂಡ, ಸಣ್ಣ ತಪ್ಪಿಗೆ ಬಹುತೇಕ ಮಾಫಿ. ವ್ಯತ್ಯಾಸವನ್ನು ಕಳೆದ ಸಮಯದಿಂದ ಗುಣಿಸಿ ಕೂಡಿಸಿದರೆ ಅದು ಐ.ಟಿ.ಎ.ಇ.; ಹಳೆಯದಾದಷ್ಟೂ ಬಾಕಿಯ ಮೇಲೆ ಬಡ್ಡಿ ಏರುವಂತೆ, ಕೊನೆಯವರೆಗೂ ಉಳಿಯುವ ತೂಗಾಟವನ್ನು ಇದು ಕಠಿಣವಾಗಿ ಶಿಕ್ಷಿಸುತ್ತದೆ. ಒಂದೇ ಮೋಟಾರಿಗೆ ಈ ಮೂರು ಅಳತೆಗಳು ಮೂರು ಬೇರೆ ಉತ್ತರಗಳನ್ನು ಕೊಡುತ್ತವೆ. ಪ್ರತಿಯೊಂದೂ ತನ್ನ ಅಳತೆಯಲ್ಲಿ ‘ಅತ್ಯುತ್ತಮ’ವೇ.

ಆದ್ದರಿಂದ ‘ಅತ್ಯುತ್ತಮ ಟ್ಯೂನಿಂಗ್’ ಎಂಬ ಮಾತಿಗೆ ತಾನಾಗಿ ಅರ್ಥವಿಲ್ಲ. ಗುರಿಯನ್ನು ದಾಟಿ ವೇಗ ಏರಿದರೆ ದಾರ ಕಡಿಯುವ ಯಂತ್ರದಲ್ಲಿ ಆ ಏರಿಕೆಯೇ ನಷ್ಟ. ಬೇಗ ವೇಗಕ್ಕೆ ಬರದಿದ್ದರೆ ಉತ್ಪಾದನೆ ನಿಲ್ಲುವ ಕಡೆ ವಿಳಂಬವೇ ನಷ್ಟ. ಗೇರ್‌ಪೆಟ್ಟಿಗೆ ಪದೇ ಪದೇ ಕೆಡುವ ಕಡೆ ಹಠಾತ್ ಎಳೆತವೇ ನಷ್ಟ. ಇದನ್ನು ಅಲ್ಗಾರಿದಮ್ ಹೇಳಲಾರದು, ಮಾರಾಟಗಾರನೂ ಹೇಳಲಾರ. ಘಟಕದ ನಷ್ಟ ಯಾವ ದ್ವಾರದಿಂದ ಹೊರಹೋಗುತ್ತಿದೆ ಎಂಬುದನ್ನು ಬಲ್ಲವನು ಮಾಲೀಕ ಮಾತ್ರ. ಅದನ್ನು ಆತ ಹೇಳದಿದ್ದರೆ ಹಿಂಡು ಯಾರದೋ ಪಠ್ಯಪುಸ್ತಕದ ನಷ್ಟವನ್ನು ಕಡಿಮೆ ಮಾಡುತ್ತದೆ. ಬಿಲ್ಲು ಮಾತ್ರ ಮಾಲೀಕನ ಹೆಸರಿಗೆ ಬರುತ್ತದೆ.

ಉಳಿತಾಯದ ಮೂರು ಮೂಲಗಳು

ವೇಗ ನಿಯಂತ್ರಣದಿಂದ ಬರುವ ಲಾಭ ಮೂರು ಬಗೆಯದು. ಇವನ್ನು ಬೇರ್ಪಡಿಸದೆ ಒಟ್ಟಿಗೆ ತೋರಿಸಿದರೆ ಟ್ಯೂನಿಂಗ್‌ಗೆ ಸಲ್ಲದ ಕೀರ್ತಿ ಸಲ್ಲುತ್ತದೆ.

ಮೊದಲನೆಯದು, ಕೆಲಸವಿಲ್ಲದಾಗ ಮೋಟಾರನ್ನು ನಿಲ್ಲಿಸುವುದರಿಂದ ಬರುವ ಲಾಭ. ಜೀನ್ಸ್ ಹೊಲಿಗೆ ಘಟಕಗಳಲ್ಲಿ ಹಳೆಯ ಕ್ಲಚ್ ಮೋಟಾರು ಹೊಲಿಗೆ ನಡೆಯದಿದ್ದಾಗಲೂ ತಿರುಗುತ್ತಲೇ ಇರುತ್ತದೆ. ಸರ್ವೊ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಈ ಉಳಿತಾಯಕ್ಕೂ ಗುಣಕಗಳ ಸೂಕ್ಷ್ಮ ಹೊಂದಾಣಿಕೆಗೂ ಸಂಬಂಧವಿಲ್ಲ.

ಎರಡನೆಯದು, ಅಗತ್ಯವಿರುವಷ್ಟೇ ವೇಗದಲ್ಲಿ ನಡೆಸುವುದರಿಂದ ಬರುವ ಲಾಭ. ಫ್ಯಾನು, ಬ್ಲೋವರ್ ಮತ್ತು ಸುತ್ತುವ ಚಕ್ರದ ಪಂಪುಗಳಲ್ಲಿ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ಶೇ. 90ಕ್ಕೆ ಇಳಿದರೆ ಶಕ್ತಿ ಸುಮಾರು ಶೇ. 73ಕ್ಕೆ, ಶೇ. 80ಕ್ಕೆ ಇಳಿದರೆ ಸುಮಾರು ಶೇ. 51ಕ್ಕೆ ಇಳಿಯುತ್ತದೆ. ನೀರನ್ನು ಎತ್ತರಕ್ಕೆ ಎತ್ತುವ ಪಂಪಿನಲ್ಲಿ ಮಾತ್ರ ಎತ್ತರದ ಭಾರ ಇಳಿಯದ ಕಾರಣ ಲಾಭ ಇಷ್ಟಿರುವುದಿಲ್ಲ. ಈ ಲಾಭ ಡ್ರೈವ್‌ನದು. ಗುಣಕಗಳು ಸಾಧಾರಣವಾಗಿದ್ದರೂ ಇದು ದೊರೆಯುತ್ತದೆ.

ಮೂರನೆಯದು, ಹೊರೆ ಏರಿಳಿದಾಗಲೂ ವೇಗ ಬೇಗ ಸ್ಥಿರವಾಗುವುದರಿಂದ ಬರುವ ಲಾಭ. ಟ್ಯೂನಿಂಗ್ ಮುಟ್ಟುವುದು ಮುಖ್ಯವಾಗಿ ಇದನ್ನು. ಈ ಲಾಭ ವಿದ್ಯುತ್ ಬಿಲ್ಲಿನಲ್ಲಿ ಅಪರೂಪವಾಗಿ ಕಾಣುತ್ತದೆ. ಕಾಣುವುದು ಮಾಲಿನ ಗುಣಮಟ್ಟದಲ್ಲಿ, ತ್ಯಾಜ್ಯದಲ್ಲಿ ಮತ್ತು ದುರಸ್ತಿ ಖಾತೆಯಲ್ಲಿ.

ಗಿರಣಿಯ ಲೆಕ್ಕ: ಒಂದು ಕಲ್ಪಿತ ಉದಾಹರಣೆ

ಮೇಲಿನ ಭೇದವನ್ನು ಅಂಕಿಗಳಲ್ಲಿ ನೋಡಲು ಸಿರುಗುಪ್ಪದ ಕಲ್ಪಿತ ಗಿರಣಿಯೊಂದನ್ನು ತೆಗೆದುಕೊಳ್ಳಬಹುದು. ಕೆಳಗಿನ ಅಂಕಿಗಳೆಲ್ಲ ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು; ಸದಸ್ಯರು ತಮ್ಮ ಘಟಕದ ಅಂಕಿಗಳನ್ನು ಆ ಜಾಗದಲ್ಲಿ ಇಡಬೇಕು. ಗಿರಣಿ ವರ್ಷಕ್ಕೆ 300 ದಿನ, ದಿನಕ್ಕೆ 10 ಗಂಟೆ, ಅಂದರೆ 3,000 ಗಂಟೆ ನಡೆಯುತ್ತದೆ. ವಿದ್ಯುತ್ ದರ ಯೂನಿಟ್ಟಿಗೆ 8 ರೂ.

ಬ್ಲೋವರ್: 20 ಅಶ್ವಶಕ್ತಿಯ ಮೋಟಾರು ಪೂರ್ಣ ವೇಗದಲ್ಲಿ ತಿರುಗುತ್ತಿದ್ದು, ಗಾಳಿಯನ್ನು ಡ್ಯಾಂಪರ್‌ನಿಂದ ತಡೆಹಿಡಿಯಲಾಗುತ್ತಿದೆ, ಬಳಕೆ 11 ಕಿಲೋವ್ಯಾಟ್. ಡ್ರೈವ್ ಅಳವಡಿಸಿ ವೇಗ ಇಳಿಸಿದ ಮೇಲೆ ಬಳಕೆ 6.5 ಕಿಲೋವ್ಯಾಟ್. ಉಳಿತಾಯ ವರ್ಷಕ್ಕೆ 13,500 ಯೂನಿಟ್, ಅಂದರೆ 1,08,000 ರೂ. ಅಳವಡಿಕೆ ಸೇರಿ ಡ್ರೈವ್ ವೆಚ್ಚ 80,000 ರೂ. ಆದರೆ ಸುಮಾರು ಒಂಬತ್ತು ತಿಂಗಳಲ್ಲಿ ಹಣ ಮರಳುತ್ತದೆ. ಈಗ ವಿಶೇಷ ಟ್ಯೂನಿಂಗ್‌ಗೆ ಇನ್ನೂ 25,000 ರೂ. ಕೇಳಿದರೆ? ಬ್ಲೋವರ್‌ನ ವೇಗ ಬದಲಾಗುವುದು ದಿನಕ್ಕೆ ಕೆಲವೇ ಬಾರಿ. ಹೊಸ ವೇಗಕ್ಕೆ ಎರಡು ಸೆಕೆಂಡಿನಲ್ಲಿ ಬಂದರೂ ಐದು ಸೆಕೆಂಡಿನಲ್ಲಿ ಬಂದರೂ ಅಕ್ಕಿಗೆ ವ್ಯತ್ಯಾಸವಿಲ್ಲ. ಈ 25,000 ರೂಪಾಯಿಗೆ ಪ್ರತಿಫಲ ಶೂನ್ಯ.

ಪಾಲಿಶ್ ಯಂತ್ರ: ಇಲ್ಲಿ ಸ್ಥಿತಿ ಬೇರೆ. ಯಂತ್ರಕ್ಕೆ ಅಕ್ಕಿ ಉಣಿಸುವ ಫೀಡರ್ ಮೋಟಾರಿನ ವೇಗವನ್ನು, ಪಾಲಿಶ್ ಮೋಟಾರಿನ ಕರೆಂಟ್ ಸಮನಾಗಿರುವಂತೆ ನಿಯಂತ್ರಿಸಲಾಗುತ್ತಿದೆ. ಮಾಲಿನ ತೇವಾಂಶ ಬದಲಾದಂತೆಲ್ಲ ಹೊರೆ ಬದಲಾಗುತ್ತದೆ. ಗುಣಕಗಳು ಹದ ತಪ್ಪಿದ್ದರೆ ಫೀಡರ್ ಹೆಚ್ಚು-ಕಡಿಮೆ ಉಣಿಸುತ್ತ ತೂಗಾಡುತ್ತದೆ. ಒತ್ತಡ ಏರಿದ ಕ್ಷಣಗಳಲ್ಲಿ ಅಕ್ಕಿ ಮುರಿಯುತ್ತದೆ. ಗಂಟೆಗೆ 2,000 ಕಿಲೋ ಮಾಲಿನಲ್ಲಿ ಈ ಕಾರಣಕ್ಕೆ ಅರ್ಧ ಶೇಕಡ ಹೆಚ್ಚು ನುಚ್ಚಾದರೆ ಅದು 10 ಕಿಲೋ. ಇಡೀ ಅಕ್ಕಿಗೂ ನುಚ್ಚಿಗೂ ಕಿಲೋಗೆ 15 ರೂ. ಅಂತರವಿದ್ದರೆ ಗಂಟೆಗೆ 150 ರೂ., ವರ್ಷಕ್ಕೆ 4,50,000 ರೂ. ನಷ್ಟ. ಟ್ಯೂನಿಂಗ್ ಇದರ ಹತ್ತನೆಯ ಒಂದು ಭಾಗವನ್ನು ಉಳಿಸಿದರೂ 45,000 ರೂ.; 25,000 ರೂ. ಏಳು ತಿಂಗಳೊಳಗೆ ಮರಳುತ್ತದೆ.

ಒಂದೇ ಗಿರಣಿ, ಒಂದೇ ತಂತ್ರ, ಒಂದೇ ಶುಲ್ಕ. ಒಂದು ಮೋಟಾರಿನಲ್ಲಿ ಅದು ಪೋಲು, ಇನ್ನೊಂದರಲ್ಲಿ ಲಾಭ. ಆದರೆ ‘ಅರ್ಧ ಶೇಕಡ’ ಎಂಬ ಅಂಕಿ ಇಡೀ ಲೆಕ್ಕದ ಆಧಾರ ಎಂಬುದನ್ನು ಮರೆಯಬಾರದು. ಟ್ಯೂನಿಂಗ್‌ಗೆ ಮೊದಲು ಕನಿಷ್ಠ ಎರಡು ವಾರ, ಪಾಳಿವಾರು ನುಚ್ಚಿನ ಪ್ರಮಾಣ ಮತ್ತು ಮಾಲಿನ ತೇವಾಂಶವನ್ನು ಬರೆದಿಡದ ಗಿರಣಿಯಲ್ಲಿ ನಂತರ ಬಂದ ಸುಧಾರಣೆಯನ್ನು ಯಾರೂ ಸಾಬೀತುಪಡಿಸಲಾರರು. ಅಳೆದು ಸುರಿಯುವ ಅಭ್ಯಾಸವಿದ್ದವರಿಗೆ ಮಾತ್ರ ಈ ವಿದ್ಯೆ ಫಲಿಸುತ್ತದೆ.

ಹೆಸರುಗಳ ಸಂತೆ ಮತ್ತು ಹೋಲಿಕೆಯ ಪಟ್ಟಿ

1995ರ ನಂತರ ನಿಸರ್ಗಪ್ರೇರಿತ ವಿಧಾನಗಳ ಸಂಖ್ಯೆ ಬಹಳ ಬೆಳೆದಿದೆ. 2005ರಲ್ಲಿ ಜೇನುನೊಣ, 2008ರಲ್ಲಿ ಮಿಂಚುಹುಳು, 2014ರಲ್ಲಿ ಬೂದು ತೋಳದ ಹೆಸರಿನ ವಿಧಾನಗಳು ಬಂದವು. ಭಾರತೀಯರ ಪಾಲೂ ಇದೆ. ಕೋಗಿಲೆ ಪರರ ಗೂಡಿನಲ್ಲಿ ಮೊಟ್ಟೆಯಿಡುವ ರೀತಿಯನ್ನು ಅನುಸರಿಸುವ ವಿಧಾನವನ್ನು ಕ್ಸಿನ್-ಷೆ ಯಾಂಗ್ ಮತ್ತು ಸುವಾಶ್ ದೇಬ್ 2009ರಲ್ಲಿ ಮಂಡಿಸಿದ್ದು ಮೋಟಾರು-ಪಂಪುಗಳ ಊರಾದ ಕೊಯಮತ್ತೂರಿನ ಸಮ್ಮೇಳನದಲ್ಲಿ. ಸೂರತ್‌ನ ಆರ್. ವೆಂಕಟ ರಾವ್ 2016ರಲ್ಲಿ ‘ಜಯ’ ಎಂಬ ಸರಳ ವಿಧಾನವನ್ನು ಪ್ರಕಟಿಸಿದರು. ಹಿಂಡಿನ ವಿಧಾನದಲ್ಲಿ ಬೇಕಾಗುವ 0.5, 0.9ರಂತಹ ಹೆಚ್ಚುವರಿ ಸಂಖ್ಯೆಗಳನ್ನು ಅದರಲ್ಲಿ ಆರಿಸಬೇಕಾಗಿಲ್ಲ.

ಆದರೆ ಹೆಸರಿಗೆ ಹಣ ಕೊಡಬೇಕಾಗಿಲ್ಲ. ಎಲ್ಲ ಬಗೆಯ ಸಮಸ್ಯೆಗಳನ್ನೂ ಒಟ್ಟಾಗಿ ಪರಿಗಣಿಸಿದರೆ ಯಾವ ಶೋಧ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲವೆಂದು ವೊಲ್ಪರ್ಟ್ ಮತ್ತು ಮೆಕ್‌ರೆಡಿ 1997ರಲ್ಲಿ ಗಣಿತದಿಂದಲೇ ತೋರಿಸಿದರು. ಹೊಸ ಹೊಸ ಪ್ರಾಣಿಗಳ ಹೆಸರಿನಲ್ಲಿ ಹಳೆಯ ಸರಕೇ ಬರುತ್ತಿದೆ ಎಂದು ಕೆನೆತ್ ಸೋರೆನ್ಸನ್ 2015ರಲ್ಲಿ ಟೀಕಿಸಿದರು. ಬೂದು ತೋಳ, ಮಿಂಚುಹುಳು, ಬಾವಲಿ ವಿಧಾನಗಳಲ್ಲಿ ಹೊಸತೇನೂ ಇಲ್ಲವೆಂದು 2020ರಲ್ಲಿ ವಾದಿಸಿದವರಲ್ಲಿ ಇರುವೆ ವಿಧಾನದ ಕರ್ತೃ ಡೊರಿಗೊ ಅವರೇ ಒಬ್ಬರು.

ಹೋಲಿಕೆಯ ಪಟ್ಟಿಯನ್ನೂ ಎಚ್ಚರದಿಂದ ಓದಬೇಕು. ‘ಜೀಗ್ಲರ್-ನಿಕೋಲ್ಸ್ ಕ್ರಮಕ್ಕಿಂತ ಗುರಿ ದಾಟುವಿಕೆ ಬಹಳ ಕಡಿಮೆ’ ಎಂಬ ಸಾಲು ಇಂತಹ ವರದಿಗಳಲ್ಲಿ ಸಾಮಾನ್ಯ. 1942ರ ಆ ಕ್ರಮವೇ ಒಂದಿಷ್ಟು ತೂಗಾಟವನ್ನು ಒಪ್ಪಿಕೊಂಡು ರೂಪಿತವಾದುದು. ಪ್ರತಿ ತೂಗು ಹಿಂದಿನದರ ನಾಲ್ಕನೆಯ ಒಂದು ಭಾಗಕ್ಕೆ ಇಳಿದರೆ ಸಾಕೆಂಬುದು ಅದರ ಗುರಿ. ಅದನ್ನು ಸೋಲಿಸುವುದು ಸಾಧನೆಯಲ್ಲ. ಅನುಭವಿ ತಂತ್ರಜ್ಞ ಕೈಯಿಂದ ಹೊಂದಿಸಿದ ಗುಣಕಗಳಿಗಿಂತ, ಅಥವಾ ಡ್ರೈವ್‌ನ ಸ್ವಯಂ-ಟ್ಯೂನಿಂಗ್‌ಗಿಂತ ಎಷ್ಟು ಮೇಲು ಎಂಬುದೇ ಕೇಳಬೇಕಾದ ಪ್ರಶ್ನೆ.

ಮಾದರಿಯೇ ಬೇರೆ, ಯಂತ್ರವೇ ಬೇರೆ

30 ಹಕ್ಕಿಗಳು 50 ಸುತ್ತು ಹಾರಿದರೆ ಸುಮಾರು 1,500 ಪರೀಕ್ಷೆಗಳಾಗುತ್ತವೆ. ಇವನ್ನು ನಡೆಯುವ ಯಂತ್ರದ ಮೇಲೆ ಮಾಡುವಂತಿಲ್ಲ. ಕೆಟ್ಟ ಜೋಡಣೆಯೊಂದು ಬಂದರೆ ಗೇರ್ ಮುರಿದೀತು. ಆದ್ದರಿಂದ ಗಣಕದಲ್ಲಿ ಮೋಟಾರಿನ ಗಣಿತ ಮಾದರಿಯೊಂದನ್ನು ಕಟ್ಟಿ ಅದರ ಮೇಲೆ ಹುಡುಕಾಟ ನಡೆಸಲಾಗುತ್ತದೆ. ಮಾದರಿಯಲ್ಲಿ ಕರೆಂಟಿನ ಮಿತಿಯನ್ನು ಸೇರಿಸದಿದ್ದರೆ ಹಿಂಡು ಮೋಟಾರು ತಾಳಲಾರದ ಎಳೆತವನ್ನು ಬೇಡುವ ಗುಣಕಗಳನ್ನು ಆರಿಸುತ್ತದೆ. ತಾಮ್ರದ ವಿದ್ಯುತ್ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಏರುತ್ತದೆ, ಸುರುಳಿ 50 ಡಿಗ್ರಿ ಬಿಸಿಯೇರಿದರೆ ರೋಧ ಸುಮಾರು ಶೇ. 20ರಷ್ಟು ಹೆಚ್ಚು. ಬೆಳಿಗ್ಗೆ ತಣ್ಣಗಿರುವ ಮೋಟಾರು ಮತ್ತು ಬಳ್ಳಾರಿಯ ಮೇ ತಿಂಗಳ ಮಧ್ಯಾಹ್ನ ಆರು ಗಂಟೆ ತಿರುಗಿದ ಮೋಟಾರು ಒಂದೇ ಅಲ್ಲ. ಒಂದೇ ಸ್ಥಿತಿಗೆ ಚೂಪಾಗಿ ಹೊಂದಿಸಿದ ಗುಣಕಗಳಿಗಿಂತ, ರೋಧ ಮತ್ತು ಹೊರೆಯನ್ನು ಮೇಲೆ-ಕೆಳಗೆ ಬದಲಿಸಿ ಪರೀಕ್ಷಿಸಿದಾಗಲೂ ಚೆನ್ನಾಗಿ ನಡೆಯುವ ಗುಣಕಗಳೇ ಕಾರ್ಖಾನೆಗೆ ಉಪಯುಕ್ತ.

ಈ ಕೆಲಸಕ್ಕೆ ದುಬಾರಿ ತಂತ್ರಾಂಶ ಅನಿವಾರ್ಯವಲ್ಲ. ಸೈಲ್ಯಾಬ್, ಪೈಥಾನ್ ಮುಂತಾದವು ಉಚಿತವಾಗಿ ದೊರೆಯುತ್ತವೆ. ಬಳ್ಳಾರಿಯಲ್ಲಿಯೇ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಇಂಜಿನಿಯರಿಂಗ್ ಕಾಲೇಜು, ಬಳ್ಳಾರಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್‌ನಂತಹ ಸಂಸ್ಥೆಗಳಿವೆ. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನಿಜವಾದ ಯಂತ್ರದ ಅಳತೆಗಳು ಬೇಕು. ಸಣ್ಣ ಘಟಕಗಳಿಗೆ ಮಾದರಿ ಕಟ್ಟುವವರು ಬೇಕು. ಮಾರಾಟದ ಆಸಕ್ತಿಯಿಲ್ಲದವರ ಅಭಿಪ್ರಾಯ ಇಲ್ಲಿ ಬೆಲೆಯುಳ್ಳದ್ದು.

ಲೆಕ್ಕಪತ್ರ ಮತ್ತು ತೆರಿಗೆ

ಡ್ರೈವ್ ಅಳವಡಿಸುವಾಗಲೇ ಕೊಟ್ಟ ಟ್ಯೂನಿಂಗ್ ಶುಲ್ಕವು ಆಸ್ತಿಯನ್ನು ಬಳಕೆಗೆ ಸಿದ್ಧಗೊಳಿಸುವ ವೆಚ್ಚವಾದ್ದರಿಂದ ಲೆಕ್ಕಪತ್ರ ಮಾನದಂಡ 10ರಂತೆ ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ಓಡುತ್ತಿರುವ ಯಂತ್ರವನ್ನು ಮತ್ತೆ ಹದಗೊಳಿಸಲು ಕೊಟ್ಟದ್ದು ಸಾಮಾನ್ಯವಾಗಿ ಆ ವರ್ಷದ ನಿರ್ವಹಣಾ ವೆಚ್ಚ. ಕೊಟೇಶನ್‌ನಲ್ಲಿ ಎರಡನ್ನೂ ಬೇರೆ ಸಾಲುಗಳಲ್ಲಿ ತೋರಿಸಲು ಕೇಳುವುದು ಒಳ್ಳೆಯದು.

1962ರ ಆದಾಯ ತೆರಿಗೆ ನಿಯಮಗಳ ಸವಕಳಿ ಪಟ್ಟಿಯಲ್ಲಿ, ಮೋಟಾರಿನ ವೇಗ ನಿಯಂತ್ರಿಸುವ ಘನಸ್ಥಿತಿ ಸಾಧನಗಳನ್ನು ಇಂಧನ ಉಳಿತಾಯ ಸಾಧನಗಳ ಗುಂಪಿನಲ್ಲಿ ಹೆಸರಿಸಲಾಗಿತ್ತು. ಮೊದಲು ಶೇ. 80ರಷ್ಟಿದ್ದ ಇದರ ದರವನ್ನು 2017-18ರ ಹಣಕಾಸು ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು, ಸಾಮಾನ್ಯ ಯಂತ್ರೋಪಕರಣಗಳಿಗೆ ದರ ಶೇ. 15. ಅಂದರೆ 80,000 ರೂ. ಡ್ರೈವ್‌ಗೆ ಮೊದಲ ವರ್ಷದ ಸವಕಳಿ 12,000 ರೂ. ಬದಲು 32,000 ರೂ.; 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ. ಸಾಮಾನ್ಯ ಯಂತ್ರಗಳ ಗುಂಪಿಗೆ ಡ್ರೈವನ್ನು ಸೇರಿಸಿದರೆ ಈ ಅನುಕೂಲ ಕೈತಪ್ಪುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯಿದೆಯನ್ನು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಲಾಗಿರುವುದರಿಂದ, ಖರೀದಿಯ ವರ್ಷಕ್ಕೆ ಅನ್ವಯಿಸುವ ಪಟ್ಟಿಯನ್ನೇ ನೋಡಿ ದರ ನಿರ್ಧರಿಸಬೇಕು. ಜಿ.ಎಸ್.ಟಿ. ಹೂಡುವಳಿ ಜಮೆ ಪಡೆದ ತೆರಿಗೆಯ ಭಾಗದ ಮೇಲೆ ಸವಕಳಿ ಕೇಳುವಂತಿಲ್ಲ. ಘಟಕದ ಮಾರಾಟದಲ್ಲಿ ತೆರಿಗೆ ವಿನಾಯಿತಿಯ ಮಾಲು ಇದ್ದರೆ ಆ ಪ್ರಮಾಣದ ಜಮೆಯೂ ದೊರೆಯುವುದಿಲ್ಲ.

ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಈ ಮೋಟಾರಿನ ಹೊರೆ ಅಥವಾ ವೇಗ ಗಂಟೆಗೆ ಎಷ್ಟು ಬಾರಿ ಬದಲಾಗುತ್ತದೆ? ಅಪರೂಪವಾಗಿ ಬದಲಾಗುವುದಾದರೆ ವಿಶೇಷ ಟ್ಯೂನಿಂಗ್‌ನ ಅಗತ್ಯವಿಲ್ಲ.

2. ವೇಗ ಅಸ್ಥಿರವಾದಾಗ ಆಗುವ ನಷ್ಟ ಯಾವುದು, ಅದನ್ನು ಈವರೆಗೆ ಅಳೆದು ಬರೆದಿಡಲಾಗಿದೆಯೇ?

3. ತೋರಿಸಿರುವ ಉಳಿತಾಯದಲ್ಲಿ ಡ್ರೈವ್‌ನದೆಷ್ಟು, ಟ್ಯೂನಿಂಗ್‌ನದೆಷ್ಟು?

4. ಹೋಲಿಕೆ ಯಾವುದರ ಜೊತೆ? ಸ್ವಯಂ-ಟ್ಯೂನಿಂಗ್ ಜೊತೆ ಹೋಲಿಸಿದ ಫಲಿತಾಂಶ ಇದೆಯೇ?

5. ಹುಡುಕಾಟಕ್ಕೆ ಕೊಟ್ಟ ನಷ್ಟದ ಅಳತೆ ಯಾವುದು, ಕರೆಂಟಿನ ಮಿತಿಯನ್ನು ಸೇರಿಸಲಾಗಿದೆಯೇ?

6. ಮೋಟಾರು ಬಿಸಿಯಾದಾಗ, ಹೊರೆ ಹೆಚ್ಚಿದಾಗ ಪರೀಕ್ಷಿಸಲಾಗಿದೆಯೇ?

7. ಹಳೆಯ ಮತ್ತು ಹೊಸ ಗುಣಕಗಳನ್ನು ಬರವಣಿಗೆಯಲ್ಲಿ ಮಾಲೀಕನಿಗೆ ಕೊಡಲಾಗುವುದೇ? ಅವಿಲ್ಲದಿದ್ದರೆ ಡ್ರೈವ್ ಕೆಟ್ಟ ದಿನ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಈ ಏಳರಲ್ಲಿ ಎರಡನೆಯದಕ್ಕೆ ಉತ್ತರ ಕೊಡಬೇಕಾದವನು ಮಾರಾಟಗಾರನಲ್ಲ, ಮಾಲೀಕ. ಆ ಉತ್ತರ ಸಿದ್ಧವಿರುವ ಘಟಕಕ್ಕೆ ಹಕ್ಕಿಗಳ ಗಣಿತ ಲಾಭ ತಂದೀತು. ಅದಿಲ್ಲದ ಘಟಕ ಮೊದಲು ಖರೀದಿಸಬೇಕಾದದ್ದು ಅಲ್ಗಾರಿದಮ್ ಅನ್ನಲ್ಲ. ಪಾಳಿವಾರು ಅಂಕಿಗಳನ್ನು ಬರೆದಿಡಲು ಒಂದು ದಪ್ಪ ಪುಸ್ತಕವನ್ನು.